ಪಾಚಿ ತೊಟ್ಟಿಯ ಶುಕ್ರವಾರ ಪೂಜೆ

ಬೊರಿವಲಿ, 8 ಜನವರಿ 2025

ಚಂದ್ರವ್ವಾ,

ನಿನ್ನ ಪಾರ್ಸಲ್ ನಿನ್ನೆ ಬಂತು. ಬಿಚ್ಚುವ ಮೊದಲೇ ಸೊಸೆ ಮೂಗು ಮುಚ್ಚಿಕೊಂಡು ಅಡುಗೆಮನೆಯ ಕಿಟಕಿ ತೆರೆದಳು. ವಾಸನೆ ನೋಡಿ ನಾನು ಒಣಮೀನು ಎಂದುಕೊಂಡೆ. ಆಮೇಲೆ ನೆನಪಾಯಿತು, ನೀನು ಲಿಂಗ ಕಟ್ಟಿದವಳು, ನನಗೆ ಒಣಮೀನು ಕಳುಹಿಸುವಷ್ಟು ಪುಣ್ಯ ನಿನ್ನ ಕೈಯಲ್ಲಿ ಬರೆದಿಲ್ಲ. ಒಳಗೆ ನೋಡಿದರೆ ಹಸಿರು ಶ್ಯಾವಿಗೆ. ಮೇಲೊಂದು ಚೀಟಿ: "ಇದು ಪಾಚಿ. ನಮ್ಮ ಗಚ್ಚಿ ಮ್ಯಾಲ ಬೆಳದದ್ದು. ದಿನಾ ಒಂದು ಚಮಚ ತಿನ್ನು, ನಿನ್ನ ತಲಿ ತಿರಗೂದು ನಿಲ್ಲತೈತಿ."

ನನ್ನ ಅಪ್ಪನ ಮನೆಯ ಬಾವಿಕಟ್ಟೆಯ ಪಾಚಿಯನ್ನು ತೆಂಗಿನ ಸಿಪ್ಪೆಯಲ್ಲಿ ಉಜ್ಜಿ ಉಜ್ಜಿಯೇ ನನ್ನ ಬಾಲ್ಯ ಮುಗಿಯಿತು ಮಾರಾಯ್ತಿ. ಅದರ ಮೇಲೆ ಜಾರಿ ಬಿದ್ದು ಮುರಿದ ಹಲ್ಲಿನ ಜಾಗ ಇನ್ನೂ ಉಂಟು, ಹಲ್ಲು ಮಾತ್ರ ಇಲ್ಲ. ಈಗ ಎಪ್ಪತ್ತೆರಡನೇ ವಯಸ್ಸಿನಲ್ಲಿ ನಿಮ್ಮ ತಾರಸಿಯಿಂದ ಅದನ್ನೇ ತರಿಸಿ ತಿನ್ನಬೇಕಾ?

ಫೋನಿನಲ್ಲೇ ಬೈಯುತ್ತಿದ್ದೆ. ಆದರೆ ನಿನ್ನ ಕಿವಿ. ಹೋದ ಸಲ ನಾನು "ಊಟ ಆಯಿತಾ" ಎಂದು ಕೂಗಿದ್ದಕ್ಕೆ ನಮ್ಮ ಏಳನೇ ಮಾಳಿಗೆಯವರೆಲ್ಲ "ಹೋ ಗಯಾ ಆಂಟಿ" ಎಂದರು. ಮೊಬೈಲಿನಲ್ಲಿ ಬರೆಸಿದರೆ ನಿನ್ನ ಸೊಸೆ ನಾಗರತ್ನಾ ಓದಿ ಹೇಳಬೇಕು. ನಮ್ಮ ಮಾತು ಅವಳಿಗೆ ಯಾಕೆ? ಒಂದೊಂದು ಕೋಣೆಯಲ್ಲಿ ನಾವು ಅಕ್ಕಪಕ್ಕ ಇದ್ದ ಮಾಟುಂಗದ ಚಾಳಿನ ಗ್ಯಾಲರಿಯಲ್ಲಿ ಸೀಮೆಸುಣ್ಣ ಹಿಡಿದು ನಾನು ನಿನಗೆ ಅಕ್ಷರ ಕಲಿಸಿದ್ದು ಇಂಥ ದಿನಕ್ಕೇ. ನಾಲ್ಕನೇ ಕ್ಲಾಸಿನವರೆಗೆ ಓದಿದವಳು ಕಲಿಸಿದ್ದು, ತಪ್ಪಿದ್ದರೆ ನೀನೇ ತಿದ್ದಿಕೋ.

ನನ್ನ ಮೊಮ್ಮಗಳು ಶ್ರೇಯಾ ಅಂಧೇರಿಯಲ್ಲಿ ತಿನ್ನುವ ವಸ್ತು ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಇದ್ದಾಳಲ್ಲ, ಅವಳನ್ನು ಕೇಳಿದೆ. "ಅಜ್ಜಿ, ಒಳ್ಳೇದೇ ಇದೆ, ಪ್ರೋಟೀನ್ ಇದೆ. ಲೇಕಿನ್ ಇದು ನೀರಲ್ಲಿ ಏನ್ ಇದ್ರೂ ಪೂರಾ ಎಳ್ಕೊಳ್ತದೆ. ಬಾಟಲಿಯಲ್ಲಿ ಮಾರೋದ್ರಲ್ಲಿ ಸುದ್ಧಾ ಕೆಲವದರಲ್ಲಿ ಸೀಸ, ಪಾದರಸ ಸಿಗ್ತದೆ. ಟೆಸ್ಟ್ ಮಾಡದೆ ತಿನ್ಬಾರ್ದು" ಎಂದಳು. ಹಾಗಾಗಿ ನಿನ್ನ ಶ್ಯಾವಿಗೆಯನ್ನು ನಾನು ತುಳಸಿ ಕುಂಡಕ್ಕೆ ಹಾಕಿದೆ. ಬೇಜಾರು ಮಾಡಿಕೊಳ್ಳಬೇಡ. ತುಳಸಿ ಚೆನ್ನಾಗಿದ್ದಾಳೆ.

ವಾರಿಜಾ


ವಿಕ್ರೋಳಿ, 16 ಜನವರಿ 2025

ವಾರಿಜಕ್ಕಗ ಶರಣು.

ನಿನ್ನ ಪತ್ರ ಓದಿ ನಕ್ಕೊಂತ ಕುಂತಿದ್ದೆ. ನಾಗರತ್ನಾ ಬಂದು "ಅತ್ತಿ, ಯಾರು ಬೈದು ಬರದಾರ, ಇಷ್ಟ ಖುಷಿ ಆಗೀರಿ?" ಅಂದಳು.

ಬಾವಿಕಟ್ಟಿ ಪಾಚಿ ಬ್ಯಾರೆ, ಇದು ಬ್ಯಾರೆ ಅಕ್ಕಾ. ಒಬ್ಬರು ಮೇಡಂ ಬಂದು ನಮಗ ಕಲಿಸಿದರು. ಬಿಲ್ಡಿಂಗಿನ ಗಚ್ಚಿ ಮ್ಯಾಲ ಇಟ್ಟಂಗಿ ಇಟ್ಟು, ದಪ್ಪ ಪ್ಲಾಸ್ಟಿಕ್ ಹಾಸಿ, ಎರಡು ತೊಟ್ಟಿ ಮಾಡೀವಿ. ಹನ್ನೊಂದು ಮಂದಿ ಹೆಂಗಸರು, ಎಲ್ಲಾರೂ ನಮ್ಮ ಕಲಬುರಗಿ, ಬಿಜಾಪುರ ಕಡೆಯವರ. ಇಷ್ಟು ವರ್ಷ ಮಂದಿ ಮನಿಗೆ ಇಟ್ಟಂಗಿ ಹೊತ್ತಿವಿ, ಈ ಸಲ ನಮಗಂತ ಹೊತ್ತೀವಿ. ದಿನಾ ನೀರು ಕಲಕೂದು, ಹಸಿರು ದಪ್ಪ ಆದ ಮ್ಯಾಲ ಬಟ್ಟಿಯೊಳಗ ಸೋಸಿ, ಹಿಂಡಿ, ಶ್ಯಾವಿಗಿ ಒತ್ತಿ ನೆರಳಾಗ ಒಣಗಸೂದು. ಶ್ಯಾವಿಗಿ ಒತ್ತೂದು ನಮಗ ಯಾರು ಕಲಸಬೇಕು ಹೇಳು? ಮೇಡಂ ಮಿಶನ್ ತರತೀನಿ ಅಂದರು, ನಾವು ಬ್ಯಾಡ ಅಂದಿವಿ.

ಕೆಳಗಿನ ಬಾಲವಾಡಿಯೊಳಗ ನಲವತ್ತು ಕೂಸು ಅದಾವ. ಕೈ ಹಿಡದರ ಕಡ್ಡಿ ಹಿಡದಂಗ ಆಗತೈತಿ. ಬಸವ ಜಯಂತಿ ದಿನದಿಂದ ಒಂದೊಂದು ಕೂಸಿಗೆ ಈ ಪುಡಿ ಹಾಕಿದ ಒಂದೊಂದು ಶೇಂಗಾ ಉಂಡಿ ಕೊಡೂದು ಅಂತ ಟೀಚರ್ ಕೂಡ ಮಾತಾಗೈತಿ. ಸೊಸೈಟಿ ಸೆಕ್ರೆಟರಿ ಸೋಮನಾಥ ಮಾತ್ರ ಮಾರಿ ಗಂಟ ಹಾಕ್ಕೊಂಡಾನ. "ಮಾವಶೀ, ಸೊಳ್ಳೆ ಆದ್ವು, ವಾಸನಿ ಬಂತು ಅಂತ ಒಂದು ಕಂಪ್ಲೇಂಟ್ ಬರಲಿ, ಎಲ್ಲಾ ತಗಸ್ತೀನಿ" ಅಂತಾನ.

ಅದಕ್ಕ ಒಂದು ಕೇಳತೀನಿ. ಚಾಳಿಗೆ ಮೊದಲ ನಳ ಬಂದಾಗ ನೀ ಅದಕ್ಕ ಅರಿಷಿಣ ಕುಂಕುಮ ಹಚ್ಚಿ, "ಗಂಗವ್ವನ್ನ ಕರೀದ ನಳ ತಿರವಬ್ಯಾಡ್ರಿ" ಅಂತ ಎಲ್ಲಾರನ್ನೂ ನಿಲ್ಲಿಸಿದ್ದಿ, ನೆನಪೈತೇನು? ಆ ನಳ ಒಂದು ದಿನ ಒಣಗಲಿಲ್ಲ. ನಮ್ಮ ತೊಟ್ಟಿಗೂ ನಿನ್ನ ಕೈ ಬೇಕು. ಮಾಟುಂಗದ ದೇವಿ ಗುಡಿಗೆ ಹೋಗಿ, ಪಾದಕ್ಕ ಮುಟ್ಟಿಸಿದ ಕುಂಕುಮ ತಂದು ಕಳಸು.

ತುಳಸಿಗೆ ನನ್ನ ಶರಣು ಹೇಳು.

ಚಂದ್ರವ್ವ


ಬೊರಿವಲಿ, 25 ಜನವರಿ 2025

ಚಂದ್ರವ್ವಾ,

ನಲವತ್ತು ಮಕ್ಕಳ ಮಾತು ಬರೆದು ನನ್ನ ಬಾಯಿ ಕಟ್ಟಿದೆ. ಬೈಯುವುದನ್ನು ಮುಂದಿನ ಪತ್ರಕ್ಕೆ ಇಟ್ಟಿದ್ದೇನೆ.

ನಿನ್ನೆ ಶುಕ್ರವಾರ ಮಾಟುಂಗಕ್ಕೆ ಹೋಗಿದ್ದೆ. ನನ್ನ ಮೊಣಕಾಲು ನಿನಗೆ ಗೊತ್ತಲ್ಲ, ದಾದರಿನಲ್ಲಿ ಬ್ರಿಡ್ಜ್ ಹತ್ತಿ ಇಳಿಯುವಾಗ ಎಲ್ಲ ದೇವರೂ ಅಲ್ಲೇ ಕಂಡರು, ಗುಡಿಯವರೆಗೆ ಹೋಗುವ ಅಗತ್ಯವೇ ಇರಲಿಲ್ಲ. ಆದರೂ ಹೋದೆ. ಉದ್ದ ಸಾಲು. ಮಲ್ಲಿಗೆ ಮುಡಿದ ಒಬ್ಬಳು ಮಧ್ಯೆ ನುಗ್ಗಲು ಬಂದಳು, ನಾನು ಬಿಡಲಿಲ್ಲ. ಭಟ್ಟರು ನನ್ನನ್ನು ಗುರುತು ಹಿಡಿದು, "ಏನು ವಾರಿಜಮ್ಮ, ಬಹಳ ದಿನ ಆಯಿತು" ಎಂದು ದೇವಿಯ ಪಾದಕ್ಕೆ ಮುಟ್ಟಿಸಿಯೇ ಕುಂಕುಮ ಕೊಟ್ಟರು. ಡಬ್ಬಿ ಇದರ ಜೊತೆಗಿದೆ. ಬಣ್ಣ ನೋಡು, ಬೆಂಕಿಯ ಹಾಗೆ ಉಂಟು.

ಕ್ರಮ ಹೇಳುತ್ತೇನೆ ಕೇಳು. ಪ್ರತಿ ಶುಕ್ರವಾರ ಸ್ನಾನ ಮಾಡಿ, ತೊಟ್ಟಿಯ ನಾಲ್ಕು ಮೂಲೆಗೆ ಒಂದೊಂದು ಚಿಟಿಕೆ, ನಡುವೆ ನೀರಿಗೆ ಒಂದು. ಕಂಜೂಸುತನ ಮಾಡಬೇಡ, ಗಂಗೆಗೆ ಲೆಕ್ಕ ಹಿಡಿಯುವವರು ಹಿಡಿಸುವುದಿಲ್ಲ. ಡಬ್ಬಿ ದೊಡ್ಡದಿದೆ.

ಮೊನ್ನೆ ಕಳುಹಿಸಿದ ಶ್ಯಾವಿಗೆ ಇನ್ನೂ ಇದ್ದರೆ ಸ್ವಲ್ಪ ಕಳುಹಿಸು. ತುಳಸಿ ಕೇಳುತ್ತಿದ್ದಾಳೆ.

ವಾರಿಜಾ


ವಿಕ್ರೋಳಿ, 20 ಫೆಬ್ರವರಿ 2025

ವಾರಿಜಕ್ಕಗ ಶರಣು.

ನಿನ್ನ ಮೊಣಕಾಲಿನ ಪುಣ್ಯ ನಮಗ ಹತ್ತೇತಿ. ನಿನ್ನ ಪತ್ರ ಹನ್ನೊಂದೂ ಮಂದಿ ಮುಂದ ಜೋರಾಗಿ ಓದಿದೆ. ಮಲ್ಲಿಗಿಯಾಕಿ ಬಂದಲ್ಲಿ ಎಲ್ಲಾರೂ ಚಪ್ಪಾಳಿ ಹೊಡದರು.

ಈಗ ಶುಕ್ರವಾರ ಬಂತಂದ್ರ ನಮ್ಮ ಗಚ್ಚಿ ಮ್ಯಾಲ ಹಬ್ಬ. ಎಲ್ಲಾರೂ ತಲಿಗೆ ನೀರು ಹಾಕ್ಕೊಂಡು, ಇದ್ದದ್ದರಾಗ ಛಲೋ ಸೀರಿ ಉಟಗೊಂಡು ಬರತಾರ. ನೀ ಐದು ಚಿಟಿಕಿ ಅಂದಿದ್ದಿ. ಆದ್ರ "ಚಂದ್ರವ್ವಾಯಿ ಒಬ್ಬಾಕೀನ ಹಾಕಿದ್ರ ನಮ್ಮ ಕೈಗೆ ಪುಣ್ಯ ಹೆಂಗ ಬರಬೇಕು" ಅಂತ ಎಲ್ಲಾರೂ ತಕರಾರು ತಗದರು. ಹಂಗಾಗಿ ಒಬ್ಬೊಬ್ಬರು ಒಂದೊಂದು ಚಿಟಿಕಿ ನೀರಿಗೇ ಬಿಡತೇವಿ, ಹನ್ನೊಂದು. ಆಮ್ಯಾಲ ಹಾಡು. ನನಗ ಕೇಳಂಗಿಲ್ಲ, ಎಲ್ಲಾರ ಬಾಯಿ ನೋಡಿ ನಾನೂ ಬಾಯಿ ತಗೀತೀನಿ. ನಾನ ಎಲ್ಲಾರಕಿಂತ ಜೋರು ಹಾಡತೀನಿ ಅಂತ ನಾಗರತ್ನಾ ಹೇಳತಾಳ.

ಪಾಚಿ ದಪ್ಪ ಬಂದೈತಿ. ನಿನಗ ಒಂದು ದೊಡ್ಡ ಗಂಟು ಕಳಸೀನಿ. ನಿನಗಲ್ಲ, ತುಳಸಿಗೆ.

ಬಾಲವಾಡಿ ಟೀಚರ್ ಪರೀಕ್ಷೆ ಮಾಡಿಸಿದ ಕಾಗದ ಬೇಕು ಅಂದಾರ. ಖರೇನ ಐತಿ, ಕೂಸಿನ ಬಾಯಿಗೆ ಹೋಗೂದು. ನಾಗರತ್ನಾ ನಾಳೆ ಅಂಧೇರಿಗೆ ಹೋಗಿ ಶ್ರೇಯಾಳ ಲ್ಯಾಬಿಗೆ ಒಂದು ಪಾಕೀಟು ಕೊಟ್ಟು ಬರತಾಳ. ಕಾಗದ ಬಂದ ದಿನ ನಾ ಅದಕ್ಕ ಕಟ್ಟು ಹಾಕಿಸಿ ಸೋಮನಾಥನ ಬಾಗಲಿಗೆ ತೂಗ ಹಾಕತೀನಿ.

ಚಂದ್ರವ್ವ


ಬೊರಿವಲಿ, 3 ಮಾರ್ಚ್ 2025

ಚಂದ್ರವ್ವಾ,

ಕಟ್ಟು ಹಾಕಿಸಬೇಡ. ಕಾಗದ ಬಂದಿದೆ. ನಿನ್ನ ಪಾಚಿಯಲ್ಲಿ ಸೀಸ ಉಂಟು, ಇರಬಹುದಾದದ್ದಕ್ಕಿಂತ ನಾಲ್ಕು ಪಟ್ಟು.

ನಾನು ಮೊದಲೇ ಹೇಳಿದೆನಾ ಇಲ್ಲವಾ? ಬಾವಿಕಟ್ಟೆಯಿಂದ ಉಜ್ಜಿ ಎಸೆಯುವ ವಸ್ತುವನ್ನು ಉಂಡೆ ಕಟ್ಟಲು ಹೊರಟೆ. ನಿಮ್ಮ ಬಿಲ್ಡಿಂಗಿನ ಪೈಪು ನೋಡಿದ್ದೇನೆ, ನನಗಿಂತ ಮುದಿ. ಇಲ್ಲವಾದರೆ ಟ್ಯಾಂಕರ್ ನೀರು. ಇಲ್ಲವಾದರೆ ಆ ಪ್ಲಾಸ್ಟಿಕ್. ಯಾವುದೋ ಒಂದು, ನಿನ್ನ ಕಡೆಯದ್ದೇ.

ಶ್ರೇಯಾ ಹೇಳಿದ್ದನ್ನು ಅವಳು ಹೇಳಿದ ಹಾಗೇ ಬರೆಯುತ್ತೇನೆ. ಈ ಪಾಚಿ ಸ್ಪಂಜಿನ ಹಾಗೆ. ನೀರಿನಲ್ಲಿ ಒಂದು ಚೂರು ಸೀಸ ಇದ್ದರೆ ಅದನ್ನು ಮೈಗೆ ಎಳೆದುಕೊಂಡು ಕೂಡಿಸಿ ಇಡುತ್ತದೆ. ಕರಗದ ಪುಡಿ ಇದ್ದರೆ ಅದೂ ಸೋಸುವ ಬಟ್ಟೆಯಲ್ಲಿ ಪಾಚಿಯ ಜೊತೆಗೇ ನಿಲ್ಲುತ್ತದೆ. ಒಣಗಿಸಿದ ಮೇಲೆ ಕಣ್ಣಿಗೆ ಕಾಣುವುದಿಲ್ಲ, ರುಚಿ ಬದಲಾಗುವುದಿಲ್ಲ. ಮಕ್ಕಳಿಗೆ ಬಹಳ ಕೆಟ್ಟದ್ದು, ಬುದ್ಧಿ ಬೆಳೆಯುವುದಿಲ್ಲವಂತೆ. ಆದ್ದರಿಂದ ಒಂದು ಚಮಚವೂ ಯಾರ ಬಾಯಿಗೂ ಹೋಗಕೂಡದು. ಮೋರಿಗೂ ಚೆಲ್ಲಬೇಡ, ಗಿಡಕ್ಕೂ ಹಾಕಬೇಡ. ಚೀಲದಲ್ಲಿ ಕಟ್ಟಿ ಇಡು, ಲ್ಯಾಬಿನವರು ತೆಗೆದುಕೊಂಡು ಹೋಗುತ್ತಾರೆ. ತೊಟ್ಟಿಗೆ ಏನೇನು ಹಾಕುತ್ತೀರಿ ಎಂದು ಒಂದೂ ಬಿಡದೆ ಪಟ್ಟಿ ಬರೆದು ಕಳುಹಿಸು. ಒಂದು ಕಡ್ಡಿ ಬಿದ್ದರೂ ಬರೆ ಎಂದಿದ್ದಾಳೆ.

ಇನ್ನೊಂದು ಮಾತು. ನಮ್ಮ ಬಿಲ್ಡಿಂಗಿನಲ್ಲಿ ಒಬ್ಬಳು ಹೆಂಗಸು ಇದ್ದಾಳೆ, ನಿನಗೆ ಪರಿಚಯವಿಲ್ಲ. ಅವಳು ಯಾರದ್ದೋ ಪಾಚಿಯನ್ನು ಹತ್ತು ದಿನ ನೀರುದೋಸೆಗೆ ಹಾಕಿ ತಿಂದಿದ್ದಾಳಂತೆ. ನೀವೂ ತಿನ್ನುತ್ತಿದ್ದಿರಲ್ಲ, ನಿಮಗೆ ಯಾರಿಗಾದರೂ ಹೊಟ್ಟೆನೋವು, ಕೈ ನಡುಕ ಬಂದಿದೆಯಾ? ಸುಮ್ಮನೆ ಕೇಳಿದೆ.

ವಾರಿಜಾ


ವಿಕ್ರೋಳಿ, 10 ಮಾರ್ಚ್ 2025

ವಾರಿಜಕ್ಕ,

ಪತ್ರ ಮುಟ್ಟಿತು.

ಪಟ್ಟಿ: ಸೋಸಿದ ನೀರು. ತಿನ್ನೂ ಸೋಡಾ. ಉಪ್ಪು. ಮೇಡಂ ಕೊಟ್ಟ ಎರಡು ಪುಡಿ, ಅದರ ಪಾಕೀಟಿನ ಮ್ಯಾಲಿನ ಚೀಟಿ ಇದರ ಜೋಡಿ ಇಟ್ಟೀನಿ. ಕಲಕೂದು ಹೊಸ ಪ್ಲಾಸ್ಟಿಕ್ ಪೈಪಿನಿಂದ. ಮತ್ತೇನೂ ಹಾಕಂಗಿಲ್ಲ. ನಾಗರತ್ನಾ ತೊಟ್ಟಿಗೆ ತುಂಬೂ ಮೊದಲಿನ ನೀರು, ಪುಡಿ, ಪ್ಲಾಸ್ಟಿಕ್ಕಿನ ತುಂಡು ಎಲ್ಲಾ ಶ್ರೇಯಾಗ ಒಯ್ದು ಕೊಟ್ಟಿದ್ದಳು. ನಿನ್ನಿ ಫೋನ್ ಬಂತು. ಎಲ್ಲಾ ಶುದ್ಧ ಅದಾವಂತ. ಮತ್ತ ಸೀಸ ಎಲ್ಲಿಂದ ಬರತೈತಿ?

ಸೋಮನಾಥ ಸೊಸೈಟಿ ಮೀಟಿಂಗಿನಾಗ ಹೇಳಿದ. ಬಸವ ಜಯಂತಿಯೊಳಗ ಶುದ್ಧ ಅಂತ ಕಾಗದ ಬಂದ್ರ ತೊಟ್ಟಿ ಇರತಾವ. ಇಲ್ಲಂದ್ರ ಮರದಿನ ಒಡಸತಾನ. ತಪ್ಪು ಅನ್ನಾಕ ಬರಂಗಿಲ್ಲ. ನಾ ಇದ್ದರೂ ಹಂಗ ಹೇಳತಿದ್ದೆ.

ಹೆಂಗಸರು ಗಚ್ಚಿ ಮ್ಯಾಲ ಬರತಾರ, ಕೂಡತಾರ, ಎದ್ದು ಹೋಗತಾರ. ಒಬ್ಬಾಕಿ ಅಂದಳು, "ಆಯಿ, ನಮ್ಮ ಕೈಯಾಗಿಂದ ಇಟ್ಟಂಗಿ ಬಿಟ್ಟು ಬ್ಯಾರೆ ಏನೂ ಏಳಂಗಿಲ್ಲ ಬಿಡು." ಅದನ್ನ ಮಾತ್ರ ನನ್ನ ಕಿವಿ ಸ್ವಚ್ಛ ಕೇಳಿತು.

ಒಂದು ಶುಕ್ರವಾರ ಪೂಜಿ ಬಿಟ್ಟಿಲ್ಲ. ದೇವಿನ ದಾರಿ ತೋರಸಬೇಕು. ಈಗ ಒಬ್ಬೊಬ್ಬರು ಎರಡೆರಡು ಚಿಟಿಕಿ ಬಿಡತೇವಿ.

ಆ ನಿನ್ನ ಬಿಲ್ಡಿಂಗಿನ ಹೆಂಗಸಿಗೆ ದಾಕ್ಟರ್ ಕಡೆ ಹೋಗು ಅಂತ ಹೇಳು. ಬೈಯಬ್ಯಾಡ ಆಕಿಗೆ.

ಚಂದ್ರವ್ವ


ಬೊರಿವಲಿ, 13 ಮಾರ್ಚ್ 2025

ಚಂದ್ರವ್ವಾ,

ಇವತ್ತೇ ನಿನ್ನ ಪತ್ರ ಬಂತು, ಇವತ್ತೇ ಉತ್ತರ.

ಶ್ರೇಯಾಳಿಗೆ ಕನ್ನಡ ಓದಲು ಬರುವುದಿಲ್ಲ, ಹಾಗಾಗಿ ನಾನೇ ಓದಿ ಹೇಳಿದೆ. ಪಟ್ಟಿ ಮುಗಿಯುವವರೆಗೆ ಹುಡುಗಿ ಚಹಾ ಕುಡಿಯುತ್ತ ಕುಳಿತಿದ್ದಳು. "ಎರಡೆರಡು ಚಿಟಿಕೆ" ಎಂದು ಓದಿದಾಗ ಕಪ್ಪು ಕೆಳಗಿಟ್ಟಳು.

"ಏನ್ ಚಿಟಿಕೆ ಅಜ್ಜಿ?"

"ಕುಂಕುಮ. ಪೂಜೆಯದ್ದು."

"ನೀರಿಗೆ?"

"ಮತ್ತೆ ಗಂಗಾ ಪೂಜೆ ಸಿಮೆಂಟಿಗೆ ಮಾಡ್ತಾರಾ?"

"ಅಜ್ಜಿ! ಲಿಸ್ಟಲ್ಲಿ ಯಾಕೆ ಬರೀಲಿಲ್ಲ ಅವ್ರು?"

"ಪೂಜೆಯನ್ನು ಯಾರಾದರೂ ಸಾಮಾನಿನ ಪಟ್ಟಿಯಲ್ಲಿ ಬರೀತಾರಾ?" ಎಂದೆ. ಅವಳು ಹಣೆಗೆ ಕೈ ಹಚ್ಚಿಕೊಂಡಳು. ಮಾರುಕಟ್ಟೆಯ ಕೆಲವು ಕುಂಕುಮದಲ್ಲಿ, ಸಿಂಧೂರದಲ್ಲಿ, ಬಣ್ಣ ಏರಲಿ ಎಂದು ಸೀಸದ ಪುಡಿ ಬೆರೆಸುತ್ತಾರಂತೆ. ಹಣೆಗೆ ಹಚ್ಚಿದರೇ ಒಳ್ಳೆಯದಲ್ಲ, ಇನ್ನು ಪಾಚಿಗೆ ತಿನ್ನಿಸಿದರೆ ಕೇಳಬೇಕಾ?

ಹಾಗಾಗಿ ನೀನು ಆ ಕುಂಕುಮ ನಿಲ್ಲಿಸು. ದೇವಿಯ ಕುಂಕುಮ ಒಳ್ಳೆಯದೇ ಇರುತ್ತದೆ, ಅದರ ಬಗ್ಗೆ ನಾನು ಏನೂ ಹೇಳುವುದಿಲ್ಲ. ಆದರೆ ಪಾಚಿಗೆ ಆಗಿಬರುವುದಿಲ್ಲ ಎಂದು ತಿಳಿದುಕೋ. ಹೂ ಹಾಕಿದರೂ ಪೂಜೆಯೇ. ಒಂದು ಚಮಚ ಕುಂಕುಮ ಪೊಟ್ಟಣ ಕಟ್ಟಿ ಶ್ರೇಯಾಳಿಗೆ ಕಳುಹಿಸು. ಹೆಚ್ಚು ಪ್ರಶ್ನೆ ಕೇಳಬೇಡ.

ವಾರಿಜಾ


ವಿಕ್ರೋಳಿ, 17 ಮಾರ್ಚ್ 2025

ವಾರಿಜಕ್ಕ,

ಹೆಚ್ಚು ಪ್ರಶ್ನೆ ಕೇಳಬ್ಯಾಡ ಅಂದಿ, ಒಂದ ಕೇಳತೀನಿ. ದೇವಿ ಪಾದದ ಪ್ರಸಾದದಾಗ ಸೀಸ ಐತಿ ಅಂತಿಯೇನು?

ಹನ್ನೊಂದು ಮಂದಿ ಮುಂದ ನಿನ್ನ ಪತ್ರ ಓದೀನಿ ನಾ. ನೀ ಬ್ರಿಡ್ಜ್ ಹತ್ತಿದ್ದು, ಸಾಲಿನಾಗ ನಿಂತಿದ್ದು, ಭಟ್ಟರು ಹೆಸರು ಹಿಡದು ಕರದು ಪಾದಕ್ಕ ಮುಟ್ಟಿಸಿ ಕೊಟ್ಟದ್ದು. ಇವತ್ತು ಅದನ್ನ ವಿಷ ಅಂತ ಹೇಳಿದ್ರ ಅವರು ನನ್ನ ಮಾತು ಕೇಳತಾರೇನು? ನಾ ಹೇಳೂದಾದ್ರೂ ಹೆಂಗ? ದೇವರ ಮ್ಯಾಲ ಅಪವಾದ ಹೊರಸಾಕ ನನ್ನ ಬಾಯಿ ಏಳಂಗಿಲ್ಲ.

ಡಬ್ಬಿಯೊಳಗ ಇನ್ನೂ ಅರ್ಧ ಐತಿ. 21ಕ್ಕ ಶುಕ್ರವಾರ. ತಪ್ಪಾತು ತಾಯಿ ಅಂತ ಹೇಳಿ ಅಷ್ಟೂ ತೊಟ್ಟಿಗೆ ಸುರುವಿಬಿಡತೀನಿ. ಆಮ್ಯಾಲ ನಾಗರತ್ನಾನ ಕರಕೊಂಡು ಮಾಟುಂಗಕ್ಕ ಹೋಗಿ, "ಬೊರಿವಲಿ ವಾರಿಜಮ್ಮಗ ನೀವ ಕೊಟ್ಟ ಕುಂಕುಮದ ಮ್ಯಾಲ ಹಿಂಗ ಹೇಳಾಕ ಹತ್ಯಾರ" ಅಂತ ಆ ಭಟ್ಟರನ್ನ ಎದುರಾ ಎದುರು ಕೇಳತೀನಿ.

ಚಂದ್ರವ್ವ


ಬೊರಿವಲಿ, 19 ಮಾರ್ಚ್ 2025, ಸ್ಪೀಡ್ ಪೋಸ್ಟ್

ಚಂದ್ರವ್ವಾ, ಡಬ್ಬಿ ಮುಟ್ಟಬೇಡ. ಮೊದಲು ಇದನ್ನು ಓದು. ಭಟ್ಟರ ಹತ್ತಿರ ಹೋಗಬೇಡ, ಅವರು ನಿರಪರಾಧಿ.

ನಾನು ಮಾಟುಂಗಕ್ಕೆ ಹೋಗಲೇ ಇಲ್ಲ.

ಹೊರಟದ್ದು ಹೌದು. ಬೊರಿವಲಿ ಸ್ಟೇಷನ್ನಿನವರೆಗೆ ಹೋದೆ. ಮೆಟ್ಟಿಲು ನೋಡಿದೆ, ಮೆಟ್ಟಿಲು ನನ್ನನ್ನು ನೋಡಿತು. ಹೊರಗೆ ಗಾಡಿಯಲ್ಲಿ ಒಬ್ಬ ಬಳೆ, ಬಿಂದಿ, ಕುಂಕುಮ ಇಟ್ಟುಕೊಂಡಿದ್ದ. ಅದರಲ್ಲಿ ಎಲ್ಲಕ್ಕಿಂತ ಕೆಂಪಾದ ಡಬ್ಬಿ ಆರಿಸಿದೆ. ಅರಿಶಿನದಿಂದ ಮಾಡಿದ ಕುಂಕುಮ ಅಷ್ಟು ಕೆಂಪು ಇರುವುದಿಲ್ಲ ಎಂದು ನನಗೆ ಗೊತ್ತು, ನನ್ನ ಅಮ್ಮ ಮನೆಯಲ್ಲೇ ಮಾಡುತ್ತಿದ್ದಳು. ಗೊತ್ತಿದ್ದೂ ತೆಗೆದುಕೊಂಡೆ. ದೇವಿಯದ್ದು ಎನ್ನಲು ಕಣ್ಣಿಗೆ ಹೊಡೆಯುವ ಹಾಗಿರಬೇಕಲ್ಲ? ಮನೆಗೆ ಬಂದು ಫ್ಯಾನಿನ ಕೆಳಗೆ ಕುಳಿತು ಉದ್ದ ಸಾಲು, ಭಟ್ಟರು, ಮಲ್ಲಿಗೆಯವಳು ಎಲ್ಲ ಬರೆದೆ. ಮಲ್ಲಿಗೆಯವಳನ್ನು ಬರೆಯುವಾಗ ನನಗೆ ನಿಜವಾಗಿಯೂ ಸಿಟ್ಟು ಬಂದಿತ್ತು.

ಯಾಕೆ ಸುಳ್ಳು ಹೇಳಿದೆ? ನೀನು "ನಿನ್ನ ಕೈ ಬೇಕು" ಎಂದು ಬರೆದಿದ್ದಿ. ಈ ಮನೆಯಲ್ಲಿ ನನ್ನ ಕೈಗೆ ಸಿಗುವುದು ಟಿವಿಯ ರಿಮೋಟ್ ಒಂದೇ, ಅದನ್ನೂ ಮಗ ಕಿತ್ತುಕೊಳ್ಳುತ್ತಾನೆ. ಆ ಚಾಳಿನ ನಳಕ್ಕೆ ಕುಂಕುಮ ಹಚ್ಚಿದ ವಾರಿಜಕ್ಕನನ್ನು ನೀನು ಇನ್ನೂ ನೆನಪಿಟ್ಟುಕೊಂಡಿರುವಾಗ, ಮೆಟ್ಟಿಲು ಹತ್ತಲಾಗದೆ ವಾಪಸು ಬಂದೆ ಎಂದು ಹೇಗೆ ಬರೆಯಲಿ?

ಇಷ್ಟೇ ಅಲ್ಲ. ಆ ನೀರುದೋಸೆಯ ಹೆಂಗಸು ನಾನೇ. ತುಳಸಿಯೂ ನಾನೇ. ಮೊದಲ ಪಾರ್ಸಲನ್ನು ಬೈಯುತ್ತ ಬೈಯುತ್ತ ತಿಂದೆ, ತಲೆ ತಿರುಗುವುದು ಕಡಿಮೆಯಾದ ಹಾಗಿತ್ತು. ಎರಡನೇ ಗಂಟನ್ನೂ ಕದ್ದು ತಿಂದೆ, ಹಿಟ್ಟಿಗೆ ಬಸಳೆ ರುಬ್ಬಿ ಹಾಕಿದ್ದೇನೆ ಎಂದು ಸೊಸೆಗೆ ಹೇಳಿ. ಲೆಕ್ಕ ನೋಡು: ನಾನು ಕಳುಹಿಸಿದ ಕುಂಕುಮವನ್ನು ನಿನ್ನ ಪಾಚಿ ತಿಂದಿತು, ಆ ಪಾಚಿ ನನ್ನ ದೋಸೆಗೆ ಬಂತು. ದೇವಿ ಮಾಟುಂಗದಲ್ಲೇ ಕುಳಿತು ನನಗೆ ಸರಿಯಾಗಿ ಪ್ರಸಾದ ಕೊಟ್ಟಳು.

ಶ್ರೇಯಾಳಿಗೆ ನಿನ್ನೆ ಹೇಳಿದೆ. ಇವತ್ತು ಬೆಳಿಗ್ಗೆಯೇ ರಕ್ತ ತೆಗೆಸಲು ಕರೆದುಕೊಂಡು ಹೋದಳು. ರಿಕ್ಷಾದಲ್ಲಿ ಪೂರ್ತಿ ದಾರಿ ನನ್ನ ಕೈ ಹಿಡಿದುಕೊಂಡಿದ್ದಳು, ಬಾಯಿ ಮಾತ್ರ ನನ್ನದೇ: "ತಿನ್ಬೇಡಿ ಅಂದ್ರೆ ತಿನ್ತೀರಿ. ಇಷ್ಟು ಝೂಟ್ ಎಲ್ಲಿಂದ ಕಲಿತ್ರಿ ಅಜ್ಜಿ?" ಸಂತತಿ ಒಳ್ಳೆಯದುಂಟು ಎಂದುಕೊಂಡೆ. ನೀವು ಹನ್ನೊಂದೂ ಮಂದಿ ರಕ್ತ ಪರೀಕ್ಷೆ ಮಾಡಿಸಬೇಕು, ಅವಳೇ ಬರುತ್ತಾಳೆ.

ಈ ಪತ್ರವನ್ನೂ ಅವರೆಲ್ಲರ ಮುಂದೆ ಓದು. ಹಿಂದಿನದನ್ನು ಓದಿದಷ್ಟೇ ಜೋರಾಗಿ. ತೊಟ್ಟಿ ಒಡೆದರೆ ಅದು ನನ್ನ ನಾಲಿಗೆಯಿಂದ ಒಡೆದದ್ದು, ಅವರ ಕೈಯಿಂದಲ್ಲ ಎಂದು ಹೇಳು. ಇಟ್ಟಿಗೆಯ ಮಾತು ಆಡಿದವಳಿಗೆ ಮೊದಲು ಹೇಳು.

ವಾರಿಜಾ


ವಿಕ್ರೋಳಿ, 26 ಮಾರ್ಚ್ 2025

ವಾರಿಜಕ್ಕಗ ಶರಣು, ಶರಣು, ಮತ್ತ ಶರಣು.

ಓದಿದೆ. ನೀ ಹೇಳಿದಂಗ ಎಲ್ಲಾರ ಮುಂದ, ಜೋರಾಗಿ. ಮೆಟ್ಟಲಾ ನಿನ್ನ ನೋಡಿದಲ್ಲಿ ಒಬ್ಬಾಕಿ ಸೆರಗು ಬಾಯಾಗ ಹಾಕ್ಕೊಂಡಳು. ತುಳಸಿ ಬಂದಲ್ಲಿ ಯಾರಿಗೂ ನಗು ತಡಕೊಳ್ಳಾಕ ಆಗಲಿಲ್ಲ. ಸೋಮನಾಥ ಗದ್ದಲ ಕೇಳಿ ಮ್ಯಾಲ ಬಂದ. ಅವಂಗೂ ಎರಡೂ ಪತ್ರ ಓದಿ ಹೇಳಿದಿವಿ. ಮಲ್ಲಿಗಿಯಾಕಿ ಸುಳ್ಳು ಅಂತ ತಿಳದು ಅವನಿಗ ಎಲ್ಲಾರಕಿಂತ ಜಾಸ್ತಿ ಕೆಟ್ಟ ಅನಿಸಿತು.

ಈಗ ನನ್ನ ಪಾಳಿ.

ನೀ ಕಳಿಸಿದ ಡಬ್ಬಿ ಬುಡಕ್ಕ ಬೆಲಿ ಚೀಟಿ ಹಂಗ ಇತ್ತು ಅಕ್ಕಾ. ಇಪ್ಪತ್ತು ರೂಪಾಯಿ. ಮಾಟುಂಗದ ಗುಡಿಯೊಳಗ ಕುಂಕುಮ ಬಾಳಿ ಎಲಿಯೊಳಗ ಕಟ್ಟಿ ಕೊಡತಾರ. ಇಪ್ಪತ್ತೆಂಟು ವರ್ಷ ನಿನ್ನ ಜೋಡೀನ ಹೋಗೀನಲ್ಲ, ನನಗ ಗೊತ್ತಿಲ್ಲೇನು? ಡಬ್ಬಿ ಬಂದ ದಿನಾನ ತಿಳೀತು. ಆದ್ರ ಅದರಾಗ ವಿಷ ಇರತೈತಿ ಅಂತ ಯಾರಿಗೆ ಗೊತ್ತಿತ್ತು? ನನ್ನ ವಾರಿಜಕ್ಕಗ ಮೆಟ್ಟಲಾ ಹತ್ತಾಕ ಆಗಿಲ್ಲ, ಹೇಳಾಕ ನಾಚಿಕಿ ಬಂದೈತಿ ಅಂದುಕೊಂಡೆ. ನಿನ್ನ ಕೈಯಿಂದ ಬಂದದ್ದು, ನನಗ ಅದ ಪ್ರಸಾದ ಅಂತ ಕಣ್ಣಿಗೆ ಒತ್ತಿಕೊಂಡೆ.

ನಿನ್ನ 13ನೇ ತಾರೀಖಿನ ಪತ್ರ ಬಂದ ದಿನಾನ ಕುಂಕುಮ ನಿಲ್ಲಿಸೀನಿ. ಡಬ್ಬಿನೂ ಲ್ಯಾಬಿಗೆ ಕೊಟ್ಟೀನಿ, ಸೀಸ ಅದರಾಗಿಂದ ಬಂದದ್ದು ಅಂತ ಶ್ರೇಯಾ ಹೇಳಿದಳು. ಅವತ್ತ ಎರಡೂ ತೊಟ್ಟಿ ಖಾಲಿ ಮಾಡಿ, ಆ ನೀರೂ ಪೀಪಾಯಿಯೊಳಗ ತುಂಬಿ ಇಟ್ಟು, ಪ್ಲಾಸ್ಟಿಕ್ ಹೊಸದು ಹಾಸೀವಿ. ಮೇಡಂ ಹೊಸ ಬೀಜ ಕೊಟ್ಟಾರ. 17ನೇ ತಾರೀಖು ನಾ ಬರದದ್ದು, ಅಷ್ಟೂ ಸುರುವತೀನಿ ಅಂತ, ಅದು ಸುಳ್ಳು. ನಿನ್ನ ಬಾಯಿಂದ ಖರೇ ಹೊರಡಸಬೇಕಾಗಿತ್ತು. ನಲವತ್ತು ವರ್ಷದಾಗ ಒಮ್ಮೆನೂ ಹೊರಟಿದ್ದಿಲ್ಲ.

ಚಾಳಿನಾಗ ನನ್ನ ಊಟದ ಗಂಗಾಳ ಕಳದಾಗ "ನನಗೇನು ಗೊತ್ತು" ಅಂದಿದ್ದಿ. ಅದು ನಿನ್ನ ಅಕ್ಕಿ ಡಬ್ಬಿ ಮ್ಯಾಲ ಮುಚ್ಚಳ ಆಗಿತ್ತು. ಈಗ ಅದನ್ನೂ ಬರದು ಕಳಸು.

ಶ್ರೇಯಾ ಬಂದಿದ್ದಳು. ಎಲ್ಲಾರ ರಕ್ತ ತಗಸಿದಳು. ದೇವರ ದಯಾ, ಯಾರಿಗೂ ಹೆಚ್ಚಿಲ್ಲ. ನಾವು ಕೂಸುಗಳಿಗಂತ ಇಟ್ಟದ್ದನ್ನ ತಿನ್ನೂ ಮಂದಿ ಅಲ್ಲ, ವಾರಕ್ಕೊಮ್ಮೆ ರುಚಿ ನೋಡೂದು ಅಷ್ಟ. ನಿನ್ನ ರಕ್ತ ಏನಂತು?

ಚಂದ್ರವ್ವ


ಬೊರಿವಲಿ, 24 ಏಪ್ರಿಲ್ 2025

ಚಂದ್ರವ್ವಾ,

ನನ್ನ ರಕ್ತ ಹೆದರಿಸುವ ಹಾಗೇನೂ ಇರಲಿಲ್ಲ. ಸ್ವಲ್ಪ ಏರಿತ್ತು, ಒಂದು ತಿಂಗಳು ಬಿಟ್ಟು ಮೊನ್ನೆ ನೋಡಿದಾಗ ಇಳಿದಿದೆ. ಡಾಕ್ಟರು, "ಆಜಿ, ಇನ್ನು ಸಿಕ್ಕಿದ್ದೆಲ್ಲ ತಿನ್ನಬೇಡಿ" ಎಂದರು. ಸೊಸೆ ಈಗ ದೋಸೆ ಹಿಟ್ಟಿಗೆ ಕಾವಲು ನಿಲ್ಲುತ್ತಾಳೆ.

ಗಂಗಾಳ ನನ್ನ ಹತ್ತಿರವೇ ಉಂಟು. ಅಷ್ಟೇ ಸಾಕು, ಹೆಚ್ಚು ಬರೆಯುವುದಿಲ್ಲ.

ನಿನ್ನನ್ನು ಏನೆಂದು ಬೈಯಲಿ ಎಂದು ಒಂದು ತಿಂಗಳು ಹುಡುಕಿದೆ, ಮಾತು ಸಿಗಲಿಲ್ಲ. ಅದಕ್ಕೇ ತಡ. ನಾನು ಅಕ್ಷರ ಕಲಿಸಿದವಳು ಅದೇ ಅಕ್ಷರದಲ್ಲಿ ನನಗೆ ಬಲೆ ಹಾಕಿ ಹಿಡಿದಳಲ್ಲ. ಮಾಸ್ತರರಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದುಂಟು?

ಈಗ ಮುಖ್ಯ ಮಾತು. ಕಾಗದ ಬಂದಿದೆ. ಶ್ರೇಯಾ ನಿನ್ನ ಹೊಸ ಶ್ಯಾವಿಗೆಯನ್ನು ಒಂದಲ್ಲ, ಎರಡು ಸಲ ಪರೀಕ್ಷೆ ಮಾಡಿಸಿದಳು. ಸೀಸ, ಪಾದರಸ, ಇನ್ನೆರಡು ಹೆಸರು ನನಗೆ ಬರೆಯಲು ಬರುವುದಿಲ್ಲ, ಎಲ್ಲವೂ ಮಿತಿಯ ಒಳಗೆ ಇವೆ. ಪ್ರತಿ ಕೊಯ್ಲಿನದ್ದೂ ಪರೀಕ್ಷೆ ಆಗಬೇಕು, ಒಂದು ಸಲ ಶುದ್ಧ ಬಂತು ಎಂದು ಸುಮ್ಮನೆ ಕೂರಬಾರದು ಎಂದಿದ್ದಾಳೆ. ಅವಳು ಓದಿ ಹೇಳುವಾಗ ನಾನು ಎದ್ದು ನಿಂತಿದ್ದೆನಂತೆ, ನನಗೆ ಗೊತ್ತಿಲ್ಲ. ಈ ಸಲ ಕಟ್ಟು ಹಾಕಿಸು. ಸೋಮನಾಥನ ಬಾಗಿಲಿಗೇ ತೂಗುಹಾಕು, ಮೊಳೆ ನಾನು ತರುತ್ತೇನೆ.

ಹೌದು, ಬರುತ್ತೇನೆ. ಬಸವ ಜಯಂತಿಯ ದಿನ ಶ್ರೇಯಾ ರಜೆ ಹಾಕಿದ್ದಾಳೆ. ಟ್ಯಾಕ್ಸಿ ಬೇಡ, ಲೋಕಲ್‌ನಲ್ಲೇ ಎಂದು ನಾನೇ ಹಟ ಮಾಡಿದೆ. ದಾದರಿನಲ್ಲಿ ಈಗ ಮೇಲೆ ಹೋಗುವ ಮೆಟ್ಟಿಲು ತಾನೇ ನಡೆಯುತ್ತದಂತೆ, ಇಷ್ಟು ದಿನ ಯಾರೂ ನನಗೆ ಹೇಳಿರಲಿಲ್ಲ. ನಲವತ್ತು ಮಕ್ಕಳಿಗೆ ಉಂಡೆ ಕೊಡುವಾಗ ಮೊದಲ ಉಂಡೆ ನನ್ನ ಕೈಯಿಂದ. ಇಟ್ಟಿಗೆಯ ಮಾತು ಆಡಿದವಳನ್ನು ನನ್ನ ಪಕ್ಕದಲ್ಲಿ ನಿಲ್ಲಿಸು.

ತೊಟ್ಟಿಗೆ ಹೂ ತರುತ್ತೇನೆ. ನೀರಿಗೆ ಬಿಡುವುದಿಲ್ಲ, ಇಟ್ಟಿಗೆಯ ಮೇಲೆ ಇಡುತ್ತೇನೆ. ಮಲ್ಲಿಗೆ ಎರಡು ಮೊಳ. ದೇವಿಯ ಪಾದದ್ದಲ್ಲ, ಭಟ್ಟರು ಕೊಟ್ಟದ್ದಲ್ಲ. ಬೊರಿವಲಿ ಸ್ಟೇಷನ್ನಿನ ಹೊರಗೆ ಗಾಡಿಯಲ್ಲಿ ಕೊಂಡದ್ದು. ಈಗಲೇ ಹೇಳಿಬಿಟ್ಟೆ.

ನಿನ್ನ ವಾರಿಜಕ್ಕ